ಮೇಲಿನಿಂದ ಕಾಡನ್ನು ತೂಗುವುದು ಹೇಗೆ?

ಮಕ್ಕಳೇ, ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದು ನಿಮ್ಮ ಊರನ್ನು ಒಮ್ಮೆಯಾದರೂ ಹುಡುಕಿದ್ದೀರಲ್ಲ? ಕಾಸರಗೋಡಿನ ಕಡೆಯವರಾದರೆ ಹೊಳೆಬದಿಯ ಅಡಿಕೆ ತೋಟ ಕಡುಹಸಿರಾಗಿ ಕಾಣುತ್ತದೆ. ಗುಡ್ಡೆಯ ಮೇಲಿನ ರಬ್ಬರ್ ತೋಟವೂ ಹಸಿರು. ಅದರಾಚೆ ಘಟ್ಟದ ಬುಡದ ಕಾಡೂ ಹಸಿರು. ಈಗ ಒಂದು ಪ್ರಶ್ನೆ: ಈ ಮೂರು ಜಾಗಗಳ ಒಂದೊಂದು ಹೆಕ್ಟೇರಿನಲ್ಲಿ ಎಷ್ಟೆಷ್ಟು ತೂಕದ ಮರ ಉಂಟು? ಚಿತ್ರ ನೋಡಿ ಹೇಳಲಿಕ್ಕೆ ಆಗ್ತದಾ?

ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಆಗಬೇಕಾದರೆ ಏನು ಬೇಕು ಎಂಬುದೇ ಈ ಸಲದ ಪಾಠ.

ನೀರಿನ ಅಂಶ ಪೂರ್ತಿ ತೆಗೆದ ಮೇಲೆ ಮರದ ಕಾಂಡ, ಕೊಂಬೆ, ಎಲೆಗಳಲ್ಲಿ ಉಳಿಯುವ ತೂಕವನ್ನು ಜೈವಿಕ ರಾಶಿ ಎನ್ನುತ್ತಾರೆ. ಬಯೋಮಾಸ್ ಎಂದರೂ ಅದೇ. ಅದರ ಅರ್ಧಕ್ಕೆ ತುಸು ಕಡಿಮೆ, ಸುಮಾರು 47 ಶೇಕಡ, ಇಂಗಾಲ. ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಮರ ಎಷ್ಟು ಹಿಡಿದಿಟ್ಟಿದೆ ಎಂಬ ಲೆಕ್ಕ ಈ ತೂಕದಿಂದಲೇ ಹುಟ್ಟಬೇಕು. ಹಸಿರಿನಿಂದಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಎರಡು ವರ್ಷಕ್ಕೊಮ್ಮೆ ದೇಶದ ‘ಅರಣ್ಯ ಹೊದಿಕೆ’ಯ ವರದಿ ತರುತ್ತದೆ. ಕನಿಷ್ಠ 1 ಹೆಕ್ಟೇರ್ ಜಾಗದಲ್ಲಿ ಮರಗಳ ನೆತ್ತಿ 10 ಶೇಕಡ ಅಥವಾ ಹೆಚ್ಚು ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. ಹಾಗಾಗಿ ತೋಟವೂ ಅದರೊಳಗೆ ಬರಬಹುದು. ಎಲ್ಲಾದರೂ ಹಳೆಯ ಕಾಡು ಹೋಗಿ ತೋಟ ಎದ್ದರೆ, ನಾಲ್ಕಾರು ವರ್ಷದಲ್ಲಿ ಆ ಜಾಗ ಮತ್ತೆ ಹಸಿರಾಗಿ ಲೆಕ್ಕಕ್ಕೆ ಸೇರಿಬಿಡಬಹುದು. ಸಂಸ್ಥೆಯವರು ಇದನ್ನೇನೂ ಮುಚ್ಚಿಟ್ಟಿಲ್ಲ. ವ್ಯಾಖ್ಯೆಯನ್ನು ವರದಿಯಲ್ಲೇ ಬರೆದಿದ್ದಾರೆ, ಇಂಗಾಲದ ಅಂದಾಜನ್ನು ಬೇರೆಯಾಗಿಯೇ ಕೊಡುತ್ತಾರೆ. ಪತ್ರಿಕೆಯಲ್ಲಿ ‘ಅರಣ್ಯ ಹೆಚ್ಚಿತು’ ಎಂಬ ಸಾಲು ಓದುವ ನಾವು ಎಚ್ಚರ ಇಟ್ಟುಕೊಳ್ಳಬೇಕು, ಅಷ್ಟೆ.

ಸಾಮಾನ್ಯ ಉಪಗ್ರಹ ಕ್ಯಾಮೆರಾ ಯಾಕೆ ಸೋಲುತ್ತದೆ? ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆ ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ಇವೆರಡರ ವ್ಯತ್ಯಾಸದಿಂದ ‘ಹಸಿರು ಸೂಚ್ಯಂಕ’ ಲೆಕ್ಕ ಹಾಕುತ್ತಾರೆ. ಎಲೆಗಳು ಕೆಲವು ಪದರ ದಪ್ಪವಾದೊಡನೆ ಕೆಂಪು ಬೆಳಕು ಹೆಚ್ಚುಕಡಿಮೆ ಪೂರ್ತಿ ನುಂಗಿಹೋಗುತ್ತದೆ. ಅದರ ಕೆಳಗೆ ಇನ್ನೂ ಹತ್ತು ಮೀಟರ್ ಕಾಂಡ ಇದ್ದರೂ ಸೂಚ್ಯಂಕ ಮೇಲೇರುವುದಿಲ್ಲ. ಹೆಂಚಿನ ಮಾಡನ್ನು ನೇರ ಮೇಲಿನಿಂದ ನೋಡಿದ ಹಾಗೆ: ಮನೆ ಒಂದು ಮಹಡಿಯದೋ ಮೂರು ಮಹಡಿಯದೋ ತಿಳಿಯುವುದಿಲ್ಲ.

ಇದರ ಉಲ್ಟಾ ಮೋಸವೂ ಉಂಟು. ನೀಲಗಿರಿ ಜಿಲ್ಲೆಯ ಮುದುಮಲೆ ಕಾಡನ್ನು ನೋಡಿ. ಅಲ್ಲಿ ಬಹುಭಾಗ ಎಲೆ ಉದುರಿಸುವ ಕಾಡು: ತೇಗ, ಮತ್ತಿ, ನಂದಿ, ದಿಂಡಿಗ. ಫೆಬ್ರವರಿ, ಮಾರ್ಚ್ ಬಂತೆಂದರೆ ಮೇಲಿನಿಂದ ಎಲ್ಲ ಕಂದು. ಆಗಸ್ಟಿನ ಚಿತ್ರದ ಪಕ್ಕ ಮಾರ್ಚಿನ ಚಿತ್ರ ಇಟ್ಟರೆ ಕಾಡೇ ಹೋಯಿತೇನೋ ಅನ್ನಿಸಬೇಕು. ಆದರೆ ಕಾಂಡ, ಕೊಂಬೆ ಎಲ್ಲ ಅಲ್ಲೇ ಇವೆ. ತೂಕದಲ್ಲಿ ಕಡಿಮೆಯಾದದ್ದು ಎಲೆಯ ಪಾಲು ಮಾತ್ರ, ಅದು ಬಹಳ ಸಣ್ಣದು.

ಹಾಗಾದರೆ ಬೇಕಾದದ್ದು ಎತ್ತರ. ಅದನ್ನು ಅಳೆಯುವ ಉಪಕರಣ ಲೈಡಾರ್. ಲೇಸರ್ ಬೆಳಕಿನ ಒಂದು ಮಿಡಿತವನ್ನು ಕೆಳಗೆ ಬಿಡುವುದು, ಮರಳಿ ಬರಲು ಹಿಡಿದ ಸಮಯವನ್ನು ಅಳೆಯುವುದು. ಬಾವಿಗೆ ಕೂಗಿ ಪ್ರತಿಧ್ವನಿ ಕೇಳಿದ ಹಾಗೆ. ನಾಸಾದ ‘ಜೆಡೈ’ ಎಂಬ ಲೈಡಾರ್ 2018ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಸುಮಾರು 400 ಕಿ.ಮೀ. ಎತ್ತರದಿಂದ ಅದು ಬಿಡುವ ಪ್ರತಿ ಮಿಡಿತ ನೆಲದ ಮೇಲೆ ಸುಮಾರು 25 ಮೀಟರ್ ಅಗಲದ ವೃತ್ತವನ್ನು ಬೆಳಗುತ್ತದೆ. ಬೆಳಕಿನ ಸ್ವಲ್ಪ ಭಾಗ ನೆತ್ತಿಯ ಎಲೆಗೆ ತಾಗಿ ಮೊದಲು ಮರಳುತ್ತದೆ, ಸ್ವಲ್ಪ ನಡುವಿನ ಕೊಂಬೆಗಳಿಂದ, ಉಳಿದದ್ದು ಸಂದಿಗಳಲ್ಲಿ ನುಸುಳಿ ನೆಲ ಮುಟ್ಟಿ ಕೊನೆಗೆ ಬರುತ್ತದೆ.

ಲೆಕ್ಕ ಮಾಡಿ ನೋಡೋಣ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, 30 ಸೆಂ.ಮೀ. ಹೋಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಅರ್ಧ ಮಾಡಿ: 15 ಸೆಂ.ಮೀ. ನೆತ್ತಿಯ ಪ್ರತಿಧ್ವನಿಗೂ ನೆಲದ ಪ್ರತಿಧ್ವನಿಗೂ ನಡುವೆ 200 ನ್ಯಾನೋಸೆಕೆಂಡ್ ಅಂತರ ಇದ್ದರೆ ಮರದ ಎತ್ತರ 200 × 15 = 3,000 ಸೆಂ.ಮೀ., ಅಂದರೆ 30 ಮೀಟರ್. ಎಷ್ಟು ಚಂದ ಅಲ್ವಾ! ಎತ್ತರ ಮಾತ್ರವಲ್ಲ, ನಡುವೆ ಬಂದ ಪ್ರತಿಧ್ವನಿಗಳಿಂದ ಎಲೆ, ಕೊಂಬೆಗಳು ಯಾವ ಯಾವ ಮಟ್ಟದಲ್ಲಿ ಹರಡಿವೆ ಎಂದೂ ತಿಳಿಯುತ್ತದೆ. ಅಡಿಕೆ ತೋಟದಲ್ಲಿ ಎಲೆಯೆಲ್ಲ ತುದಿಯಲ್ಲಿ, ಕಾಡಿನಲ್ಲಿ ಮಹಡಿ ಮೇಲೆ ಮಹಡಿ. ಇದಕ್ಕೇ ಕಾಡಿನ ರಚನೆ ಎನ್ನುವುದು.

ಲೈಡಾರಿಗೂ ತೊಡಕುಗಳಿವೆ. ಮೋಡವನ್ನು ಲೇಸರ್ ದಾಟುವುದಿಲ್ಲ. ಜೂನ್‌ನಿಂದ ಮೂರು ತಿಂಗಳು ಘಟ್ಟದ ಮೇಲೆ ಮೋಡ ಬಿಟ್ಟರೆ ಏನಿರುತ್ತದೆ? ಜೆಡೈ ಇಡೀ ನೆಲವನ್ನು ನೋಡುವುದೂ ಇಲ್ಲ. ಅದರ ಒಂದು ಸಾಲಿನಿಂದ ಪಕ್ಕದ ಸಾಲಿಗೆ ಸುಮಾರು 600 ಮೀಟರ್ ಅಂತರ. ಇನ್ನು ಇಳಿಜಾರು. 30 ಡಿಗ್ರಿ ಓರೆಯ ಗುಡ್ಡೆಯಲ್ಲಿ 25 ಮೀಟರ್ ವೃತ್ತದ ಒಂದು ಅಂಚಿಗೂ ಇನ್ನೊಂದಕ್ಕೂ ನೆಲದ ಎತ್ತರವೇ 14 ಮೀಟರಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ (25 × ಟ್ಯಾನ್ 30°). ಯಾವುದು ಮರ, ಯಾವುದು ಗುಡ್ಡೆ ಎಂದು ಬಿಡಿಸುವುದೇ ಕಷ್ಟ.

ಮೋಡಕ್ಕೆ ಹೆದರದ್ದು ರೇಡಾರ್. ಅದು ಕಳಿಸುವುದು ರೇಡಿಯೋ ಅಲೆಗಳನ್ನು. ಅಲೆ ಗಿಡ್ಡವಾದರೆ ಎಲೆಗೇ ತಾಗಿ ಮರಳುತ್ತದೆ, ಉದ್ದವಾದರೆ ಎಲೆಯನ್ನು ಲೆಕ್ಕಿಸದೆ ಕೊಂಬೆ, ಕಾಂಡದವರೆಗೆ ಇಳಿಯುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ನಾಸಾ ಮತ್ತು ಇಸ್ರೋ ಸೇರಿ ಮಾಡಿದ ಉಪಗ್ರಹ. ಅದರಲ್ಲಿ ಎರಡು ರೇಡಾರ್: ನಾಸಾದ್ದು ಸುಮಾರು 24 ಸೆಂ.ಮೀ. ಅಲೆ, ಇಸ್ರೋದ್ದು 9 ಸೆಂ.ಮೀ.ಗೆ ತುಸು ಹೆಚ್ಚು. 12 ದಿನಕ್ಕೊಮ್ಮೆ ಅದು ಅದೇ ಹಾದಿಗೆ ಮರಳುತ್ತದೆ. ಆದರೆ 24 ಸೆಂ.ಮೀ. ಅಲೆಯೂ ಹೆಕ್ಟೇರಿಗೆ ಸುಮಾರು 100 ಟನ್ ದಾಟಿದ ಕಾಡಿನಲ್ಲಿ ಮಂಕಾಗುತ್ತದೆ. 150 ಟನ್ನಿಗೂ 300 ಟನ್ನಿಗೂ ಅದಕ್ಕೆ ವ್ಯತ್ಯಾಸ ಸರಿಯಾಗಿ ಕಾಣದು. ದಟ್ಟ ಕಾಡಿಗಾಗಿಯೇ ಯುರೋಪಿನವರು ಅದೇ ವರ್ಷ ಏಪ್ರಿಲ್ 29ರಂದು ಹಾರಿಸಿದ ಉಪಗ್ರಹದ ಹೆಸರೇ ‘ಬಯೋಮಾಸ್’. ಅದರ ಅಲೆ ಸುಮಾರು 70 ಸೆಂ.ಮೀ.

ಇಷ್ಟೆಲ್ಲ ಆದರೂ ಇವುಗಳಲ್ಲಿ ಒಂದೂ ಮರವನ್ನು ತೂಗಿಲ್ಲ, ಗಮನಿಸಿದಿರಾ? ಒಂದು ಅಳೆದದ್ದು ಸಮಯ, ಇನ್ನೊಂದು ಅಳೆದದ್ದು ಪ್ರತಿಧ್ವನಿಯ ಬಲ. ಅದನ್ನು ಟನ್ನಿಗೆ ತಿರುಗಿಸಬೇಕಾದರೆ ನೆಲದ ಮೇಲೆ ಯಾರಾದರೂ ಟೇಪು ಹಿಡಿದಿರಬೇಕು. ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿದರು. 1 ಸೆಂ.ಮೀ.ಗಿಂತ ದಪ್ಪದ ಪ್ರತಿ ಗಿಡಮರಕ್ಕೂ ಸಂಖ್ಯೆ ಕಟ್ಟಿ, ಜಾತಿ, ಸುತ್ತಳತೆ, ನಿಂತ ಜಾಗ ಬರೆದರು. ಮೊದಲ ಎಣಿಕೆಯಲ್ಲೇ 25 ಸಾವಿರಕ್ಕೂ ಹೆಚ್ಚು. ಆನೆ ಓಡಾಡುವ, ಬೇಸಗೆಯಲ್ಲಿ ಬೆಂಕಿ ಬೀಳುವ ಕಾಡದು. ಅಂದಿನಿಂದ ಮತ್ತೆ ಮತ್ತೆ ಹೋಗಿ ಅದೇ ಮರಗಳನ್ನು ಅಳೆಯುತ್ತಾ ಬಂದಿದ್ದಾರೆ. ಉಪಗ್ರಹದ ಅಂದಾಜು ಸರಿಯೋ ತಪ್ಪೋ ಎಂದು ಹೇಳುವ ಹಕ್ಕು ಇಂಥ ಜಾಗಗಳಿಗೆ ಇದೆ. ರಾಕೆಟ್ ಹಾರುವುದು ಟಿ.ವಿ.ಯಲ್ಲಿ ಬರ್ತದೆ, ಟೇಪು ಹಿಡಿದವರು ಬರುವುದಿಲ್ಲ.

ಸುತ್ತಳತೆ ಸಿಕ್ಕ ಮೇಲೂ ಮರ ಕಡಿಯದೆ ತೂಕ ತಿಳಿಯುವುದು ಹೇಗೆ? ಉಷ್ಣವಲಯದ ದೇಶಗಳಲ್ಲಿ ಕಡಿದು ತೂಗಿದ್ದ 4,004 ಮರಗಳ ಮಾಹಿತಿ ಒಟ್ಟುಮಾಡಿ ಜೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಈ ಸೂತ್ರ ಕೊಟ್ಟರು:

ತೂಕ (ಕಿ.ಗ್ರಾಂ) = 0.0673 × (ಸಾಂದ್ರತೆ × ವ್ಯಾಸ² × ಎತ್ತರ)ರ 0.976 ಘಾತ

ಸಾಂದ್ರತೆ ಘನ ಸೆಂ.ಮೀ.ಗೆ ಗ್ರಾಂನಲ್ಲಿ, ವ್ಯಾಸ ಸೆಂ.ಮೀ.ನಲ್ಲಿ, ಎತ್ತರ ಮೀಟರಿನಲ್ಲಿ. ತೇಗಕ್ಕೆ ಸಾಂದ್ರತೆ 0.6 ಎಂದಿಟ್ಟುಕೊಳ್ಳಿ. ವ್ಯಾಸ 40, ಎತ್ತರ 20 ಆದರೆ ಆವರಣದೊಳಗೆ 19,200. ಉತ್ತರ ಸುಮಾರು 1,020 ಕಿ.ಗ್ರಾಂ. ಅದೇ ಎತ್ತರದ, ಆದರೆ ವ್ಯಾಸ 20 ಇರುವ ಮರ? ಸುಮಾರು 264 ಕಿ.ಗ್ರಾಂ. ದಪ್ಪ ಅರ್ಧವಾದರೆ ತೂಕ ಕಾಲುಭಾಗಕ್ಕೆ ಇಳಿಯಿತು.

ಇದನ್ನು ಶಾಲೆಯಲ್ಲೇ ಮಾಡಬಹುದು. ಅಂಗಳದ ಮರಕ್ಕೆ ನೆಲದಿಂದ 1.3 ಮೀಟರ್ ಮೇಲೆ ದಾರ ಸುತ್ತಿ ಅಳೆದು 3.14ರಿಂದ ಭಾಗಿಸಿ, ವ್ಯಾಸ ಸಿಕ್ಕಿತು. ಎತ್ತರಕ್ಕೆ ಕೋನಮಾಪಕದ ನಡುವಿಗೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ. ಅದರ ನೇರ ಅಂಚಿನಗುಂಟ ಮರದ ತುದಿ ನೋಡುತ್ತಾ, ದಾರ 45 ಡಿಗ್ರಿ ತೋರುವವರೆಗೆ ಹಿಂದೆ ಹಿಂದೆ ನಡೆಯಿರಿ. ಸಮತಟ್ಟು ನೆಲದಲ್ಲಿ ಮರದ ಬುಡಕ್ಕೆ ನಿಮಗಿರುವ ದೂರ, ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ಮಾವು, ಹಲಸು, ತೇಗ ಯಾವುದಾದರೂ ಆದೀತು. ಸಾಂದ್ರತೆಯನ್ನು ಮೇಷ್ಟ್ರ ಹತ್ತಿರ ಕೇಳಿಕೊಳ್ಳಿ. ಅಡಿಕೆ, ತೆಂಗಿಗೆ ಮಾತ್ರ ಈ ಸೂತ್ರ ಹಾಕಬೇಡಿ. ಅವು ಏಕದಳ ಸಸ್ಯಗಳು. ಕಾಂಡ ಎತ್ತರಕ್ಕೆ ಹೋಗುತ್ತದೆಯೇ ಹೊರತು ಬೇರೆ ಮರಗಳ ಹಾಗೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಅವುಗಳ ತೂಕಕ್ಕೆ ಬೇರೆಯೇ ಸೂತ್ರ ಬೇಕು.