ಜಾಲಿ ಗಿಡದ ಕೆಳಗೆ ರೊಟ್ಟಿ, ನೀರು, ನಿದ್ದೆ

ವಾಕ್ಯಭಾಗ: 1 ಅರಸು 19:1–18

 

ಡಿಸೆಂಬರ್ ಬಂತು. ಯೂತ್ ಗ್ರೂಪ್‌ನ ವಾಟ್ಸಾಪ್‌ನಲ್ಲಿ ಪಟ್ಟಿನೂ ಬಂತು: ಕ್ಯಾರಲ್ಸ್, ಸ್ಕಿಟ್ ಪ್ರಾಕ್ಟೀಸ್, ಡೆಕೊರೇಶನ್, 25ರ ಆರಾಧನೆ, 31ರ ರಾತ್ರಿ ವಾಚ್‌ನೈಟ್. ಅತ್ತ ಆಫೀಸಿನಲ್ಲಿ ವರ್ಷಾಂತ್ಯದ ಡೆಡ್‌ಲೈನ್. ಮನೆಯವರಿಗೆಲ್ಲ ಬಟ್ಟೆ ತಗೋಬೇಕು, ಊರಿಗೆ ಬಸ್ ಟಿಕೆಟ್ ಮಾಡಿಸಬೇಕು, ಆದ್ರೆ ಇರೋದು ಒಂದೇ ಸಂಬಳ. ಊರಿಗೆ ಹೋದ್ರೆ "ಮದುವೆ ಯಾವಾಗ?" ಅನ್ನೋ ಪ್ರಶ್ನೆ ಕಾಯ್ತಾ ಇರುತ್ತೆ. ನಮ್ಮಲ್ಲಿ ಕೆಲವರಿಗೆ ಇದು ಅಪ್ಪನೋ ಅಮ್ಮನೋ ಇಲ್ಲದ ಮೊದಲ ಕ್ರಿಸ್ಮಸ್.

ಇವತ್ತು ಬೋಧನೆಗೆ ಮುಂಚೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕಳೆದ ವರ್ಷ ಕ್ಯಾರಲ್ಸ್‌ನ ಆರನೇ ರಾತ್ರಿ. ಕ್ವಾಯರ್‌ನ ಒಬ್ಬ ಸಿಸ್ಟರ್ ನನ್ನ ಹತ್ರ ಬಂದು, "ಪಾಸ್ಟರ್, ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಸುಮ್ಸುಮ್ನೆ ಎದೆ ಬಡ್ಕೊಳ್ಳುತ್ತೆ. ನಾಳೆ ಬರದೇ ಇರ್ಲಾ?" ಅಂದ್ರು. ನಾನೇನಂದೆ ಗೊತ್ತಾ? "ಇದು ಸೈತಾನನ ಹೋರಾಟ ಸಿಸ್ಟರ್. ಉಪವಾಸ ಮಾಡಿ ಪ್ರಾರ್ಥಿಸಿ, ನಾಳೆ ಬನ್ನಿ." ಅವರು ಬಂದ್ರು. ಎರಡನೇ ಮನೆಯಲ್ಲಿ ಹಾಡ್ತಾ ಹಾಡ್ತಾ ಕುಸಿದು ಕೂತ್ರು. ಆಮೇಲೆ ಗೊತ್ತಾಯ್ತು, ನನ್ನ ಮಾತು ಕೇಳಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಾನು ಅವರ ಕ್ಷಮೆ ಕೇಳಿದ್ದೇನೆ. ಇದನ್ನು ಹೇಳೋಕೆ ಅವರ ಅನುಮತಿನೂ ತಗೊಂಡಿದ್ದೇನೆ.

ಆ ರಾತ್ರಿ ಮನೆಗೆ ಹೋಗಿ ಎಲೀಯನ ಅಧ್ಯಾಯ ತೆಗೆದೆ. ನಾವು ಕರ್ಮೆಲ್ ಬೆಟ್ಟದ ಎಲೀಯನನ್ನು ಬಹಳ ಬೋಧಿಸ್ತೀವಿ. ಬಾಳನ 450 ಪ್ರವಾದಿಗಳು, ಆಕಾಶದಿಂದ ಬೆಂಕಿ, ಹಲ್ಲೆಲೂಯ! ಅದಾದ ಮೇಲೆ ಅಹಾಬನ ರಥದ ಮುಂದೆ ಇಜ್ರೇಲಿನವರೆಗೆ ಓಡಿದ. ಅಷ್ಟು ದೊಡ್ಡ ಜಯದ ಹಿಂದೆಯೇ ಈಜೆಬೆಲಳಿಂದ ಒಂದು ಬೆದರಿಕೆ ಬಂತು. ಎದ್ದು ಓಡಿದ, ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಅರಣ್ಯಕ್ಕೆ ಹೋಗಿ, ಜಾಲಿ ಗಿಡದ ಕೆಳಗೆ ಕೂತು ಸಾವು ಬೇಡಿದ.

ಆಗ ದೇವರು ಏನು ಮಾಡಿದ್ರು?

ಮೊದಲನೆಯದಾಗಿ, ದೇವರು ಅವನನ್ನು ಮಲಗಲು ಬಿಟ್ಟರು. ದೂತ ಬಂದು ಮುಟ್ಟಿ ಎಬ್ಬಿಸಿದ. ಗದರಿಸೋಕಲ್ಲ, ಊಟಕ್ಕೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ! "ನಿನ್ನ ನಂಬಿಕೆ ಎಲ್ಲಿ ಹೋಯ್ತು?" ಅಂತ ದೂತ ಕೇಳಲೇ ಇಲ್ಲ. ದಾರಿ ದೂರ ಇದೆ, ಶಕ್ತಿ ಸಾಲದು, ತಿನ್ನು ಅನ್ನೋದೇ ಅವನ ಮಾತಿನ ಅರ್ಥ. ನಮ್ಮ ಯೇಸು ಸ್ವಾಮಿನೂ ಬಿರುಗಾಳಿಯಲ್ಲೇ ದೋಣಿಯಲ್ಲಿ ಮಲಗಿದ್ರು. ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ವಿಶ್ರಾಂತಿಗೆ ಕರೆದ್ರು (ಮಾರ್ಕ 6:31). ನಿದ್ದೆ ಮಾಡೋದು ಅಪನಂಬಿಕೆ ಅಲ್ಲ, ನಾನು ಮಲಗಿದಾಗಲೂ ದೇವರು ಕೆಲಸ ಮಾಡ್ತಾರೆ ಅನ್ನೋ ನಂಬಿಕೆ.

ಎರಡನೆಯದಾಗಿ, ಮಾತಾಡಿದ್ದು ಆಮೇಲೆ. 40 ದಿನ ನಡೆದು ಹೋರೇಬ್ ಮುಟ್ಟಿದ ಮೇಲೆ ದೇವರು ಅವನ ದುಃಖ ಕೇಳಿದ್ರು. ಅವರು ಬಂದದ್ದು ಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲೂ ಅಲ್ಲ, ಸಣ್ಣ ಸ್ವರದಲ್ಲಿ. ಸೌಂಡ್ ಸಿಸ್ಟಮ್, ಸ್ಟೇಜ್ ಲೈಟ್ ನಡುವೆ ಆ ಸ್ವರ ನಿಮಗೆ ಕೇಳಿಸ್ತಿದೆಯಾ? ದಣಿದ ತಲೆಗೆ ಬೈಬಲ್ ತೆರೆದರೂ ಅಕ್ಷರ ಓಡ್ತದೆ, ಅರ್ಥ ನಿಲ್ಲಲ್ಲ.

ಮೂರನೆಯದಾಗಿ, ದೇವರು ಅವನನ್ನು ಒಬ್ಬನೇ ಬಿಡಲಿಲ್ಲ. ನಾನೊಬ್ಬನೇ ಉಳಿದೆ ಅಂದವನಿಗೆ ಇನ್ನೂ 7,000 ಜನ ಇದ್ದಾರೆ ಅಂದ್ರು. ಕೆಲಸ ಹಂಚಿಕೊಳ್ಳೋಕೆ ಎಲೀಷನನ್ನು ಕೊಟ್ರು.

ಹಾಗಾದ್ರೆ ಈ ಡಿಸೆಂಬರ್‌ನಲ್ಲಿ ನಾವೇನು ಮಾಡೋಣ? ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳ್ತಾರೆ. ರಾತ್ರಿ ಪ್ರಾಕ್ಟೀಸ್ ಇದ್ದರೆ ಊಟ ಮಾಡಿ ಬನ್ನಿ. ಸಂಜೆ ಮೇಲೆ ಕಾಫಿ ಮೇಲೆ ಕಾಫಿ ಕುಡಿದು, ಆಮೇಲೆ ನಿದ್ದೆ ಬರ್ತಿಲ್ಲ ಅಂತ ದೆವ್ವವನ್ನು ಗದರಿಸಬೇಡಿ! ಶುಗರ್, ಬಿಪಿ ಮಾತ್ರೆ ತಗೊಳ್ಳೋರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ, ಮಾತ್ರೆನೂ ನಿಲ್ಲಿಸಬೇಡಿ. ಸಾಲ ಮಾಡಿ ಗಿಫ್ಟ್ ಕೊಡಬೇಡಿ. ವಾಚ್‌ನೈಟ್ ಮುಗಿಸಿ ನಿದ್ದೆಗಣ್ಣಲ್ಲಿ ಬೈಕ್ ಓಡಿಸಬೇಡಿ, ಸಭೆಯಲ್ಲೇ ಮಲಗಿ ಬೆಳಿಗ್ಗೆ ಹೋಗಿ. ಮತ್ತೆ, "ಈ ಸಲ ನನ್ನಿಂದ ಆಗಲ್ಲ" ಅಂತ ನನಗೆ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ. ಕಳೆದ ವರ್ಷ ಕ್ಯಾರಲ್ಸ್ ಒಂಬತ್ತು ರಾತ್ರಿ ಇತ್ತು, ಈ ವರ್ಷ ನಾಲ್ಕೇ.

ಇನ್ನೊಂದು ಮಾತು ಮೆಲ್ಲಗೆ ಹೇಳ್ತೇನೆ. ಎಲೀಯನ ಹಾಗೆ "ಸಾಕು, ಸತ್ತರೆ ಒಳ್ಳೇದು" ಅನ್ನೋ ಯೋಚನೆ ಇಲ್ಲಿ ಕೂತಿರೋ ಯಾರಿಗಾದ್ರೂ ಬರ್ತಿದ್ರೆ, ಅದನ್ನು ಬಚ್ಚಿಡಬೇಡಿ. ಮಹಾ ಪ್ರವಾದಿಯ ಬಾಯಿಂದಲೂ ಆ ಮಾತು ಬಂತು, ದೇವರು ಅವನನ್ನು ತಳ್ಳಿಬಿಡಲಿಲ್ಲ. ಇವತ್ತೇ ನಂಬಿಕೆಯಿರೋ ಒಬ್ಬರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಹತ್ರ ಹೋಗೋದು ನಂಬಿಕೆಯ ಕೊರತೆ ಅಲ್ಲ. ಪೌಲನ ಜೊತೆಗಾರ ಲೂಕನೇ ವೈದ್ಯ (ಕೊಲೊಸ್ಸೆ 4:14). ನಾನು ನಿಮಗೋಸ್ಕರ ಪ್ರಾರ್ಥನೆನೂ ಮಾಡ್ತೇನೆ, ಆಸ್ಪತ್ರೆಗೆ ಜೊತೆಗೂ ಬರ್ತೇನೆ.

ಕಣ್ಣು ಮುಚ್ಚೋಣ. ಪ್ರೀತಿಯ ತಂದೆಯೇ, ನಾವು ಮಣ್ಣಿನವರು ಅಂತ ನೀನು ಬಲ್ಲೆ. ನಿನ್ನ ಮಗನೂ ಈ ಶರೀರದಲ್ಲೇ ಹುಟ್ಟಿ, ಹಸಿದು, ದಣಿದು, ಮಲಗಿದ. ದಣಿದ ನಿನ್ನ ಮಕ್ಕಳನ್ನು ಈ ರಾತ್ರಿ ಮುಟ್ಟು. ಅವರಿಗೆ ರೊಟ್ಟಿ ಕೊಡು, ನೀರು ಕೊಡು, ಒಳ್ಳೆಯ ನಿದ್ದೆ ಕೊಡು. ನಾವು ಒಬ್ಬರಿಗೊಬ್ಬರು ಎಲೀಷರಾಗುವಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.