ಸೂಪರ್‌ಮ್ಯಾನನ ಸಾವು

1992ರ ನವೆಂಬರ್ 18ರಂದು ಅಮೆರಿಕದ ಚಿತ್ರಕಥೆ ಪುಸ್ತಕಗಳ ಅಂಗಡಿಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಅಂದು ಹೊರಬಂದ 'ಸೂಪರ್‌ಮ್ಯಾನ್' ಪತ್ರಿಕೆಯ 75ನೆಯ ಸಂಚಿಕೆಯಲ್ಲಿ, 1938ರಿಂದ ಓದುಗರನ್ನು ರಂಜಿಸುತ್ತ ಬಂದಿದ್ದ ಆ ವೀರನು ಮಡಿಯುವನೆಂಬ ಸುದ್ದಿ ಮೊದಲೇ ಎಲ್ಲೆಡೆ ಹರಡಿತ್ತು. ಸಂಚಿಕೆಯನ್ನು ಕರಿಯ ಚೀಲವೊಂದರಲ್ಲಿ ಮುಚ್ಚಿ ಮಾರಲಾಯಿತು. ಒಳಗೆ ಕಥೆಯೊಡನೆ ತೋಳಿಗೆ ಕಟ್ಟಿಕೊಳ್ಳಲು ಶೋಕಸೂಚಕವಾದ ಕಪ್ಪು ಪಟ್ಟಿಯೂ ಇದ್ದಿತು. ಸುಮಾರು 60 ಲಕ್ಷ ಪ್ರತಿಗಳು ಖರ್ಚಾದವು.

ವಾಸ್ತವವಾಗಿ ಆ ವರ್ಷ ಲೇಖಕರು ಯೋಜಿಸಿದ್ದುದು ನಾಯಕನ ಮರಣವನ್ನಲ್ಲ, ಅವನ ವಿವಾಹವನ್ನು! ಅದೇ ವೀರನನ್ನು ಕುರಿತ ದೂರದರ್ಶನ ಧಾರಾವಾಹಿಯೊಂದು ಸಿದ್ಧವಾಗುತ್ತಿದ್ದುದರಿಂದ ಮದುವೆಯನ್ನು ಮುಂದೂಡಬೇಕಾಯಿತು. ಆ ತೆರವನ್ನು ಸಾವು ತುಂಬಿತು. ಹಾಗೆಂದು ಕಥೆ ಕಳಪೆಯಾಗಿತ್ತೆನ್ನಲಾಗದು. ಹಿಂದಿನ ಸಂಚಿಕೆಗಳಲ್ಲಿ ಪುಟಕ್ಕೆ ನಾಲ್ಕು, ಮೂರು, ಎರಡು ಎಂದು ಚಿತ್ರಗಳನ್ನು ಕಡಿಮೆ ಮಾಡುತ್ತ ಬಂದು, ಕಡೆಯ ಕಾಳಗವನ್ನು ಪುಟಕ್ಕೊಂದೇ ಚಿತ್ರದಂತೆ ಬರೆದ ಜಾಣ್ಮೆ ಮೆಚ್ಚತಕ್ಕದ್ದೇ.

ಆದರೆ ಕೊಂಡವರಲ್ಲಿ ಅನೇಕರು ಚೀಲವನ್ನು ಬಿಚ್ಚಲೇ ಇಲ್ಲ. ಮುಂದೆ ಬೆಲೆ ಏರುವುದೆಂದು ನಂಬಿ ಹಲವು ಪ್ರತಿಗಳನ್ನು ಕೂಡಿಟ್ಟರು. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡ ಸಂಚಿಕೆಗೆ ಭಾರಿ ಬೆಲೆ ಬರುತ್ತಿದ್ದುದೇ ಈ ನಂಬಿಕೆಗೆ ಕಾರಣ. (2014ರಲ್ಲಿ ಅದರ ಒಂದು ಪ್ರತಿ 32 ಲಕ್ಷ ಡಾಲರಿಗೆ ಹರಾಜಾಯಿತು.) ಆ ಹಳೆಯ ಪುಸ್ತಕವನ್ನಾದರೋ ಮಕ್ಕಳು ಓದಿ ಹರಿದುಹಾಕಿದ್ದರು; ಉಳಿದವು ಬೆರಳೆಣಿಕೆಯಷ್ಟಾದುದರಿಂದಲೇ ಅದಕ್ಕೆ ಬೆಲೆ. ಲಕ್ಷಾಂತರ ಮನೆಗಳಲ್ಲಿ ಭದ್ರವಾಗಿರುವ ವಸ್ತು ಅಪರೂಪವಾಗುವುದೆಂತು?

ಇದರ ಹೊರೆ ಬಿದ್ದುದು ಅಂಗಡಿಕಾರರ ಮೇಲೆ. ಅವರು ತರಿಸಿದ ಪ್ರತಿಗಳು ಮಾರಾಟವಾಗದಿದ್ದರೆ ಹಿಂತಿರುಗಿಸುವಂತಿರಲಿಲ್ಲ. 1993ರಲ್ಲಿ ಸೂಪರ್‌ಮ್ಯಾನನು ಮರಳಿ ಬಂದಾಗ ಹಿಂದಿನ ನೂಕುನುಗ್ಗಲನ್ನು ನೆನೆದು ರಾಶಿ ರಾಶಿಯಾಗಿ ತರಿಸಿದರು, ಕೊಳ್ಳುವವರು ಅಷ್ಟಿರಲಿಲ್ಲ. ಮುಂದಿನ ವರ್ಷಗಳಲ್ಲಿ ಅನೇಕ ಅಂಗಡಿಗಳು ಬಾಗಿಲು ಹಾಕಿದವು. ಸಾಲದ ಭಾರವೂ ಕೂಡಿ, ಪ್ರತಿಸ್ಪರ್ಧಿ ಪ್ರಕಾಶನವಾದ ಮಾರ್ವೆಲ್ 1996ರಲ್ಲಿ ದಿವಾಳಿಯೆಂದು ನ್ಯಾಯಾಲಯದ ಮೊರೆಹೊಕ್ಕಿತು.

ಅದೇ ಮಾರ್ವೆಲ್‌ನ 'ಎಕ್ಸ್-ಮೆನ್' ಪತ್ರಿಕೆಯ ಏಳಿಗೆಯ ಬಗೆ ಬೇರೆ. 1963ರಲ್ಲಿ ಆರಂಭವಾದ ಅದು ಓದುಗರಿಲ್ಲದೆ ಸೊರಗಿ, 1970ರಿಂದ ಐದು ವರ್ಷ ಹಳೆಯ ಕಥೆಗಳನ್ನೇ ಮರುಮುದ್ರಿಸುತ್ತಿತ್ತು. 1975ರಲ್ಲಿ ಕೆನ್ಯಾ, ರಷ್ಯಾ, ಜರ್ಮನಿ ಮೊದಲಾದ ನಾಡುಗಳ ಹೊಸ ಪಾತ್ರಗಳು ಬಂದವು. ಕ್ರಿಸ್ ಕ್ಲೇರ್‌ಮಾಂಟ್ ಎಂಬ ತರುಣ ಲೇಖಕರು ಕಥೆಯ ಹೊಣೆ ಹೊತ್ತರು. ಅವರ ವೀರರು ಅಳುಕುವರು, ಜಗಳವಾಡುವರು, ತಪ್ಪಿಗಾಗಿ ಮರುಗುವರು. 1980ರಲ್ಲಿ ಜೀನ್ ಗ್ರೇ ಎಂಬ ನಾಯಿಕೆ, ತನ್ನ ಶಕ್ತಿಯ ಉನ್ಮಾದದಲ್ಲಿ ಒಂದು ಲೋಕವನ್ನೇ ನಾಶಮಾಡಿದುದಕ್ಕಾಗಿ ಪ್ರಾಣ ತೆತ್ತಳು. ಆ ಸಾವಿಗೆ ಕರಿಯ ಚೀಲವಿರಲಿಲ್ಲ. ಅದು ಕಥೆಯ ಒಳಗಿನಿಂದಲೇ ಒದಗಿ ಬಂದುದು. (ಪ್ರಕಾಶಕರು 1986ರಲ್ಲಿ ಆಕೆಯನ್ನೂ ಬದುಕಿಸಿದರು, ಅದು ಬೇರೆ ಮಾತು.) ವರ್ಷದಿಂದ ವರ್ಷಕ್ಕೆ ಓದುಗರು ಹೆಚ್ಚಿದರು.

1991ರಲ್ಲಿ ಅದೇ ಹೆಸರಿನ ಹೊಸ ಪತ್ರಿಕೆಯ ಮೊದಲ ಸಂಚಿಕೆಯನ್ನು ಐದು ಬಗೆಯ ಹೊದಿಕೆಗಳಲ್ಲಿ ಹೊರತರಲಾಯಿತು. ಅಂಗಡಿಗಳು ತರಿಸಿದ ಪ್ರತಿಗಳು 80 ಲಕ್ಷವನ್ನು ಮೀರಿದವು. ಹದಿನಾರು ವರ್ಷ ಆ ವೀರರ ಕಥೆಯನ್ನು ಹೆಣೆದಿದ್ದ ಕ್ಲೇರ್‌ಮಾಂಟ್ ಹೊಸ ಪತ್ರಿಕೆಯ ಮೂರನೆಯ ಸಂಚಿಕೆ ಮುಗಿಸಿ, ಸಂಪಾದಕರೊಡನೆ ಹೊಂದಿಕೆಯಾಗದೆ ಹೊರನಡೆದರು.