ಫೈಬರ್ ಬ್ಯಾಟೋ, ಮರದ್ದೋ?

ಪ್ರಶ್ನೆ: ಮಗಳಿಗೆ 12 ವರ್ಷ. ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲ್ ಕೋಚಿಂಗ್‌ಗೆ ಸೇರಿದ್ದಾಳೆ. ಮುರಿಯುವುದಿಲ್ಲ ಅಂತ ಫೈಬರ್ ಬ್ಯಾಟ್ ಕೊಡಿಸಲೇ?
– ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ಬೇಡಮ್ಮ. ಫೈಬರ್ ಬ್ಯಾಟು ಬೀದಿಯ ಟೆನಿಸ್ ಬಾಲಿಗೆ ಸರಿ, ಲೆದರ್ ಬಾಲ್ ಪಂದ್ಯಕ್ಕೆ ನಿಯಮವೇ ಒಪ್ಪದು. 1979ರಲ್ಲಿ ಪರ್ತ್ ಟೆಸ್ಟಿಗೆ ಆಸ್ಟ್ರೇಲಿಯಾದ ಬೌಲರ್ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದು ದೊಡ್ಡ ರಾದ್ಧಾಂತವೇ ಆಯಿತು. ಆಮೇಲೆ ಬ್ಯಾಟಿನ ಅಲಗು ಮರದ್ದೇ ಆಗಿರಬೇಕೆಂದು ನಿಯಮ ಬಂತು. ನಿಮ್ಮ ಮಗಳಿಗೆ ಕಾಶ್ಮೀರಿ ವಿಲ್ಲೋ ಮರದ ಬ್ಯಾಟ್ ಸಾಕು. ಇಂಗ್ಲಿಷ್ ವಿಲ್ಲೋ ಒಳ್ಳೆಯದೇ, ಆದರೆ ಬೆಲೆ ಹಲವು ಪಟ್ಟು. ಬೆಳೆಯುವ ಹುಡುಗಿ, ಅಳತೆ ಬೇಗ ಬದಲಾಗುತ್ತದೆ. ಮಾವಿನ ಫಸಲಿನ ದುಡ್ಡೆಲ್ಲ ಅದಕ್ಕೇ ಸುರಿಯಬೇಡಿ.

ಅಂಗಡಿಗೆ ಅವಳನ್ನೇ ಕರೆದೊಯ್ಯಿರಿ. ಹಿಡಿಯ ಮೇಲ್ತುದಿಗೆ ಬರುವ ಕೈಯೊಂದರಲ್ಲೇ ಬ್ಯಾಟ್ ಹಿಡಿದು, ತೋಳು ಮುಂದೆ ಚಾಚಿ ಸ್ವಲ್ಪ ಹೊತ್ತು ನಿಲ್ಲಲಿ. ತುದಿ ಜೋತುಬಿದ್ದರೆ ಭಾರ ಜಾಸ್ತಿ, ಇನ್ನೊಂದು ತೆಗೆಸಿ. ‘ಮುಂದಿನ ವರ್ಷಕ್ಕೂ ಆಗಲಿ’ ಅಂತ ಯೂನಿಫಾರ್ಮಿನ ಹಾಗೆ ದೊಡ್ಡದು ಕೊಂಡರೆ ಹೊಡೆತದ ಶೈಲಿಯೇ ಕೆಡುತ್ತದೆ.

ತಂದ ಮೇಲೆ ಅಲಗಿಗೆ ತೆಳ್ಳಗೆ ಅಗಸೆ ಎಣ್ಣೆ ಸವರಿ. ಹಿಡಿ ಸೇರುವ ಜಾಗಕ್ಕೆ ಬೇಡ. ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅಲ್ಲೂ ಬೇಡ. ಆಮೇಲೆ ಕೊಡತಿಯಿಂದ ಮೆಲ್ಲಗೆ, ದಿನಕ್ಕಿಷ್ಟು ಅಂತ ಹಲವು ಗಂಟೆ ತಟ್ಟಬೇಕು, ಅಂಚನ್ನೂ ಬಿಡದೆ. ನಮ್ಮ ಕೋಲಾರದ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಬ್ಯಾಟ್ ಬಿಡಬೇಡಿ. ಮರ ಒಣಗಿ ಸೀಳುತ್ತದೆ.